ಪದ ಬೇಕು, ಇವತ್ತೇ: ಹತ್ತೂ ಕಂತು ಒಟ್ಟಿಗೆ ನೋಡಿದ್ದಕ್ಕೆ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ,

ಅವಸರದ ಪ್ರಶ್ನೆ. ಒಂದು ವೆಬ್ ಪತ್ರಿಕೆಗೆ ‘ಬ್ಯಾಂಡ್ ಆಫ್ ಬ್ರದರ್ಸ್’ ಬಗ್ಗೆ ಬರೆದು ಮುಗಿಸಿದ್ದೇನೆ. ಎರಡನೇ ಮಹಾಯುದ್ಧದ ಅಮೆರಿಕನ್ ಪ್ಯಾರಾಶೂಟ್ ಸೈನಿಕರ ಕತೆ, 2001ರ ಧಾರಾವಾಹಿ, ನಿಮ್ಮಲ್ಲಿ ಅರ್ಧ ಜನ ಎಂದೋ ನೋಡಿ ಮರೆತಿರುತ್ತೀರಿ. ನಾನು ನೋಡಿದ್ದು ಈ ಶನಿವಾರ, ಭಾನುವಾರ, ಹತ್ತಕ್ಕೆ ಹತ್ತೂ ಕಂತು. ‘ಬಿಂಜ್ ಮಾಡಿದೆ, ಬೆಂಡಾದೆ’ ಅಂತ ತಲೆಬರಹ ಕೊಟ್ಟಿದ್ದೆ. ಸಂಪಾದಕರು ಬಿಂಜ್ ಕಿತ್ತು ‘ಅತಿವೀಕ್ಷಣೆ’ ಹಾಕಿ ಕಳಿಸಿದ್ದಾರೆ. ಅತಿಸಾರದ ತಂಗಿಯ ಹಾಗಿದೆ. ರಾತ್ರಿ ಎಂಟರೊಳಗೆ ಬೇರೆ ಪದ ಕೊಡದಿದ್ದರೆ ಅದೇ ಹೋಗುತ್ತದೆ.

ನನಗೆ ಬೇಕಾದ ಅರ್ಥ ಬಿಡಿಸಿ ಹೇಳುತ್ತೇನೆ. ಮೊದಲೆರಡು ಕಂತು ಆಸೆಯಿಂದಲೇ ನೋಡಿದೆ: ಅಮೆರಿಕದ ಟೊಕೋವಾದಲ್ಲಿ ಗುಡ್ಡ ಹತ್ತಿಸಿ ಇಳಿಸುವ ತರಬೇತಿ, 1944ರ ಜೂನ್ 6ರ ನಸುಕಿಗೆ ಮುಂಚೆ ನಾರ್ಮಂಡಿಯ ಕತ್ತಲಿಗೆ ಹಾರುವುದು. ಆರನೆಯದಕ್ಕೆ ಬರುವಾಗ ಆಸೆ ಎನ್ನುವಂಥದ್ದು ಉಳಿದಿರಲಿಲ್ಲ. ಬೆಲ್ಜಿಯಂನ ಬಾಸ್ಟೋನ್ ಪಕ್ಕದ ಕಾಡು, ಹಿಮ, ಸುತ್ತ ಜರ್ಮನ್ ಸೇನೆ. ಗಾಯಾಳುಗಳನ್ನು ನೋಡಿಕೊಳ್ಳುವ ಯೂಜೀನ್ ರೋ ಗುಂಡಿಯಿಂದ ಗುಂಡಿಗೆ ಹೋಗಿ ಕತ್ತರಿ ಇದೆಯಾ, ಮಾರ್ಫಿನ್ ಉಳಿದಿದೆಯಾ ಅಂತ ಕೇಳುತ್ತಾನೆ. ಊರಿನ ಚರ್ಚಿನಲ್ಲಿ ಕೆಲಸ ಮಾಡುವ ನರ್ಸ್ ರೆನೆ ಅವನಿಗೆ ಚಾಕೊಲೆಟ್ ಕೊಡುತ್ತಾಳೆ. ಬಾಂಬಿಗೆ ಕುಸಿದ ಆ ಚರ್ಚಿನಲ್ಲಿ ಕೊನೆಗೆ ಅವನಿಗೆ ಸಿಗುವುದು ಅವಳ ನೀಲಿ ತಲೆವಸ್ತ್ರ ಮಾತ್ರ. ಆಮೇಲೆ ಗೆಳೆಯನ ಕೈಗೆ ಕಟ್ಟಲು ಬಟ್ಟೆ ಹುಡುಕುವಾಗ ಅದೇ ಕೈಗೆ ಬರುತ್ತದೆ. ಒಂದು ಗಳಿಗೆ ಹಿಡಿದು ನೋಡುತ್ತಾನೆ. ಪರ್ರನೆ ಹರಿಯುತ್ತಾನೆ.

ಅಷ್ಟರಲ್ಲಿ ಏಳನೆಯ ಕಂತು ತಾನೇ ಶುರುವಾಯಿತು. ರಿಮೋಟ್ ಪಕ್ಕದಲ್ಲೇ ಇತ್ತು, ಕೈ ಹೋಗಲಿಲ್ಲ. ಇದನ್ನು ಹೊಟ್ಟೆಬಾಕತನ ಅನ್ನಲಾರೆ, ಎದ್ದು ಹೋಗಲಾಗದ ಸ್ಥಿತಿ. ಅದಕ್ಕೊಂದು ಪದ.

ಹಾಗೆಯೇ ಸೈನಿಕರು ಅವಿತುಕೊಳ್ಳುವ ‘ಫಾಕ್ಸ್‌ಹೋಲ್’ಗೆ ‘ಕಂದಕ’ ಎಂದು ಬರೆದಿದ್ದೇನೆ. ನಡೆಯುತ್ತದೆಯೇ?

ಸು.

*

ಸು. ಅವರೇ, ‘ಗುಕ್ಕುವೀಕ್ಷಣೆ’. ಒಂದೇ ಗುಕ್ಕಿಗೆ ಓದಿದೆ ಅನ್ನುತ್ತೇವಲ್ಲ, ಹಾಗೆ.

ಚೆ.

*

ಅರಿಸಮಾಸ.

ವೆಂ.ರಾ.

*

ವೆಂ.ರಾ. ಸರ್, ಕನ್ನಡಕ್ಕೆ ಸಂಸ್ಕೃತ ಬೆಸೆಯುವ ಅರಿಸಮಾಸ ಬಿರುದಾವಳಿಯಲ್ಲಿ ಸಲ್ಲುತ್ತದೆ ಅಂತ ವ್ಯಾಕರಣಕಾರ ಕೇಶಿರಾಜನೇ ಬಿಟ್ಟಿದ್ದಾನೆ. ಎರಡು ದಿನದಲ್ಲಿ ಹತ್ತು ಕಂತು ನೋಡಿದವರಿಗೆ ಬಿರುದೆಂದೇ ಕೊಟ್ಟುಬಿಡೋಣ.

ಅದಿರಲಿ, ಇದಕ್ಕಿಂತ ಚೆಂದದ್ದು ಸಿಕ್ಕಿತು. ‘ಬಿಂಜ್’ ಮೊದಲು ಕುಡಿತದ ಪದವೂ ಅಲ್ಲ, ಊಟದ್ದೂ ಅಲ್ಲ. ಇಂಗ್ಲೆಂಡಿನ ಹಳ್ಳಿಗಾಡಿನ ಆಡುಮಾತಿನಲ್ಲಿ ಮರದ ಪಾತ್ರೆಯನ್ನು ನೀರಲ್ಲಿ ನೆನೆಹಾಕುವುದಕ್ಕೆ ಬಿಂಜ್ ಎನ್ನುತ್ತಿದ್ದರು. 19ನೇ ಶತಮಾನದಲ್ಲಿ ಅದು ಕುಡಿತಕ್ಕೆ ಹೊರಳಿತು, ಆಮೇಲೆ ತಿನ್ನುವುದಕ್ಕೆ, ಈಗ ನೋಡುವುದಕ್ಕೆ. ನಮ್ಮಲ್ಲಿ ‘ನೆನೆ’ ಇದೆ. ಮಳೆಯಲ್ಲಿ ನೆನೆಯುತ್ತೇವೆ, ಅಗಲಿದವರನ್ನೂ ನೆನೆಯುತ್ತೇವೆ. ಹರಿದ ತಲೆವಸ್ತ್ರದ ದೃಶ್ಯಕ್ಕೆ ಇದಕ್ಕಿಂತ ಏನು ಬೇಕು? ‘ನೆನೆನೋಟ’! ಎರಡೂ ತುಂಡು ಕನ್ನಡವೇ, ಸಮಾಸದ ಜಗಳವೂ ಇಲ್ಲ.

ಚೆ.

*

ಇಲ್ಲದ ನೆಂಟಸ್ತಿಕೆ ಕಟ್ಟಬೇಡಿ. ಅವು ಎರಡು ಬೇರೆ ಧಾತುಗಳು. ತಮಿಳಿನಲ್ಲಿ ಒದ್ದೆಯಾಗುವುದು ‘ನನೈ’, ಸ್ಮರಿಸುವುದು ‘ನಿನೈ’. ಕನ್ನಡದಲ್ಲೂ ಒದ್ದೆಯಾಗುವುದಕ್ಕೆ ‘ನನೆ’ ಎಂಬ ರೂಪ ಇದ್ದೇ ಇದೆ. ಸ್ವರ ಸವೆದು ಎರಡೂ ಒಂದೇ ಥರ ಕೇಳಿಸುತ್ತವೆ, ಅಷ್ಟೆ. ಪಂಪ ಬನವಾಸಿಯನ್ನು ನೆನೆದದ್ದು ಕೊಡೆ ಇಲ್ಲದೆ ಅಲ್ಲ.

ವೆಂ.ರಾ.

*

ಕೇಳಿದ್ದು ಒಂದು, ನಡೆಯುತ್ತಿರುವುದು ಇನ್ನೊಂದು. ‘ಎಡೆಬಿಡದ ನೋಟ’ ಅನ್ನಿ, ಸಾಕು. ‘ವೀಕ್ಶಣೆ’ ಯಾಕೆ ಬೇಕು? ಮನೆಯಲ್ಲಿ ಯಾರಾದರೂ ‘ನಾನು ಟಿವಿ ವೀಕ್ಶಿಸುತ್ತಿದ್ದೇನೆ’ ಅಂತಾರಾ? ನಮ್ಮ ಬಾಶೆಯಲ್ಲಿ ‘ನೋಡು’ ಇರುವಾಗ ಸಂಸ್ಕ್ರುತದ ಕಯ್ ಹಿಡಿಯುವ ಚಟ ಬಿಡಬೇಕು. ‘ಕಂದಕ’ ಸರಿಯಾಗಿದೆ, ಅಚ್ಚಗನ್ನಡ, ಹಾಗೇ ಇರಲಿ.

ಮಾ.

*

‘ಕಂದಕ’ ಅಚ್ಚಗನ್ನಡವೇ? ಅರಬಿಯ ‘ಖಂದಕ್’ ಅದು. ಅರಬಿಗೂ ಪಾರಸಿಯಿಂದ ಬಂದದ್ದು, ಅಲ್ಲಿ ಅರ್ಥ ‘ಅಗೆದದ್ದು’. ಮದೀನಾದ ಸುತ್ತ ಕಂದಕ ತೋಡಿ ಕಾದ 627ರ ಕಾಳಗಕ್ಕೆ ಹೆಸರೇ ಖಂದಕ್ ಕಾಳಗ. ನಿಮಗೆ ಅಚ್ಚಗನ್ನಡವೇ ಬೇಕಿದ್ದರೆ ‘ಅಗಳು’, ‘ಅಗಳ್ತೆ’ ಇವೆ. ಆದರೆ ಎರಡೂ ಕೋಟೆ ಸುತ್ತಿನ ಉದ್ದನೆಯ ಹಳ್ಳ. ಫಾಕ್ಸ್‌ಹೋಲ್ ಅಂದರೆ ಒಬ್ಬರೋ ಇಬ್ಬರೋ ಕುಕ್ಕರಗಾಲಲ್ಲಿ ಅವಿತುಕೊಳ್ಳುವ ತಗ್ಗು. ಸು. ಅವರು ತಮ್ಮ ಪತ್ರದಲ್ಲಿ ತಮಗೇ ಗೊತ್ತಿಲ್ಲದೆ ‘ಗುಂಡಿಯಿಂದ ಗುಂಡಿಗೆ’ ಎಂದು ಬರೆದಿದ್ದಾರೆ ನೋಡಿ. ಅದೇ ಪದ. ಹೂಳುವುದಕ್ಕೆ ತೋಡುವುದೂ ಗುಂಡಿಯೇ, ಹೆಪ್ಪುಗಟ್ಟಿದ ನೆಲವನ್ನು ಆ ಹುಡುಗರು ಗುದ್ದಲಿಯಲ್ಲಿ ಕೆತ್ತುವುದನ್ನು ನೋಡಿದವರಿಗೆ ಆ ನೆರಳು ಬೇಡವೆನಿಸದು.

ಯಾರಾದರೂ ‘ನರಿಬಿಲ’ ಎನ್ನುವ ಮೊದಲು ಹೇಳಿಬಿಟ್ಟೆ.

ಹ.

*

ಸರಿ, ಕಂದಕ ಎರವಲು. ಒಪ್ಪಿದೆ. ಎರವಲು ಬೇಡ ಅಂತ ನಾನು ಹೇಳಿಲ್ಲ, ಉಲಿಯಲಾಗದ ಎರವಲು ಬೇಡ ಅಂದೆ. ಕಂದಕ ನೋಡಿ, ಖ ಬಿಟ್ಟು ಕ ಆಗಿ ನಮ್ಮ ಮನೆಯವನಾಯಿತು. ಬರಹದಲ್ಲಿ ಮಾತ್ರ ಮಹಾಪ್ರಾಣ ಉಳಿಸಿಕೊಂಡು ಯಾರನ್ನು ಮೆಚ್ಚಿಸಬೇಕು?

ಮಾ.

*

ನಿಮ್ಮ ‘ದಾರಾವಾಹಿ’ಯನ್ನು ಇಪ್ಪತ್ತು ವರ್ಷದಿಂದ ಓದುತ್ತಿದ್ದೇನೆ. ಇನ್ನೂ ಮನೆಯವನಾಗಿಲ್ಲ.

ವೆಂ.ರಾ.

*

ಯುದ್ಧದ ವಿಷಯದಲ್ಲಿ ಶುದ್ಧಿಯ ಮಾತೇ ವಿಚಿತ್ರ. ಸಿಪಾಯಿ ಪಾರಸಿ, ತುಪಾಕಿ ತುರ್ಕಿ, ಪಿರಂಗಿ ಅಂದರೆ ಪರಂಗಿಯವನದು, ಕಪ್ತಾನ ಸಮುದ್ರ ದಾಟಿ ಬಂದವನು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ‘ಪಟಾಲಂ’. ಯುರೋಪಿನ ಬೆಟಾಲಿಯನ್ನೇ ಅದು. ಇಲ್ಲಿಗೆ ಬಂದು ಸಮವಸ್ತ್ರ ಕಳಚಿ, ಯಾರದೋ ಹಿಂದೆ ಸುತ್ತುವ ಹುಡುಗರ ಗುಂಪಾಗಿಬಿಟ್ಟಿತು. ‘ಅವನೂ ಅವನ ಪಟಾಲಮ್ಮೂ’ ಅನ್ನುವಾಗ ಯಾರಿಗೆ ದಂಡು ನೆನಪಾಗುತ್ತದೆ? ಆ ಧಾರಾವಾಹಿಯ ಹುಡುಗರು 506ನೇ ಪ್ಯಾರಾಶೂಟ್ ಪದಾತಿ ರೆಜಿಮೆಂಟಿನ ಎರಡನೇ ಬೆಟಾಲಿಯನ್ನಿನವರು. ಎರಡೂ ಅರ್ಥದಲ್ಲಿ ಪಟಾಲಂ.

ಇನ್ನು ನಿಜವಾದ ಒಗಟು ಕೇಳಿ. 1944ರ ಡಿಸೆಂಬರ್ 22ರಂದು ಜರ್ಮನ್ನರು ಬಾಸ್ಟೋನಿನಲ್ಲಿದ್ದ ಅಮೆರಿಕನ್ನರಿಗೆ ಶರಣಾಗಿ ಎಂದು ಪತ್ರ ಕಳಿಸಿದರು. ಜನರಲ್ ಮೆಕಾಲಿಫ್ ಕೊಟ್ಟ ಉತ್ತರ ಒಂದೇ ಪದ: ‘ನಟ್ಸ್!’ ಪತ್ರ ಒಯ್ಯಲು ಬಂದಿದ್ದ ಜರ್ಮನ್ ಅಧಿಕಾರಿಗಳಿಗೆ ಅದು ಹೌದೋ ಅಲ್ಲವೋ ತಿಳಿಯದೆ, ‘ಹಾಳಾಗಿ ಹೋಗಿ’ ಎಂದರ್ಥ ಅಂತ ಕರ್ನಲ್ ಹಾರ್ಪರ್ ಬಿಡಿಸಿ ಹೇಳಬೇಕಾಯಿತು. ಕನ್ನಡದಲ್ಲಿ ಏನೆನ್ನುತ್ತೀರಿ? ಒಂದೇ ಪದವಿರಬೇಕು, ಬೈಗುಳವಾಗಬಾರದು, ಎದುರಿನವನು ಒಂದು ಗಳಿಗೆ ತಬ್ಬಿಬ್ಬಾಗಬೇಕು.

ಹ.

*

ಮಣ್ಣಂಗಟ್ಟಿ.

ವೆಂ.ರಾ.

*

ಅಬ್ಬಾ ಸರ್! ‘ಶರಣಾಗತಿಯಂತೆ, ಮಣ್ಣಂಗಟ್ಟಿ!’ ಇದನ್ನು ನಾನು ಕದಿಯುತ್ತೇನೆ.

ಚೆ.

*

ಗಂಟೆ ಏಳಾಯಿತು. ಸು. ಅವರ ಪದ ಎಲ್ಲಿ? ಗುಂಪು ನೋಡಿಕೊಳ್ಳುವವನಾಗಿ ಹೇಳುತ್ತಿದ್ದೇನೆ, ಮಹಾಪ್ರಾಣದ ಪ್ರಾಣ ಇನ್ನೊಂದು ಎಳೆಯಲ್ಲಿ ತೆಗೆಯಿರಿ.

*

ನಾನು ಸಾಮಾನ್ಯವಾಗಿ ಬರೆಯುವವಳಲ್ಲ. ‘ಬೀಡುಬಿಡು’ ಆಗಬಹುದೇ? ‘ಟಿವಿ ಮುಂದೆ ಎರಡು ದಿನ ಬೀಡುಬಿಟ್ಟೆ.’ ದಂಡು ತಂಗುವ ಜಾಗವೇ ಬೀಡು, ಹಾಗಾಗಿ ವಿಷಯಕ್ಕೂ ಹೊಂದುತ್ತದೆ ಅನ್ನಿಸಿತು.

ಜ.

*

ಕೆಡು-ಕೇಡು, ಪಡು-ಪಾಡು, ಬಿಡು-ಬೀಡು. ನಿಷ್ಪತ್ತಿ ಸರಿಯಿದೆ, ಪದವೂ ಒಳ್ಳೆಯದು. ಆದರೆ ಬೀಡುಬಿಟ್ಟವನು ಬೇಕೆಂದಾಗ ಗುಡಾರ ಕಿತ್ತುಕೊಂಡು ಹೊರಡಬಲ್ಲ. ಸು. ಹೇಳುತ್ತಿರುವುದು ಹೊರಡಲಾಗದವರ ಪಾಡು. ಬಾಸ್ಟೋನಿನಲ್ಲಿ ಬೀಡುಬಿಟ್ಟವರು ಯಾರು, ಮುತ್ತಿಗೆಗೆ ಸಿಕ್ಕವರು ಯಾರು ಎಂದು ಮೊದಲು ನೋಡಬೇಕು.

ವೆಂ.ರಾ.

*

ವೆಂ.ರಾ. ಸರ್, ಪದ ಬೇಡವೆನ್ನುವ ಭರದಲ್ಲಿ ಪದ ಕೊಟ್ಟುಬಿಟ್ಟಿರಿ! ‘ಹತ್ತು ಕಂತುಗಳ ಮುತ್ತಿಗೆಯಲ್ಲಿ’ ಎಂದು ಕಳಿಸಿದೆ. ನಾನು ಇಷ್ಟು ಹೊತ್ತು ನೋಡುವವಳ ಕಡೆಯಿಂದ ಕ್ರಿಯಾಪದ ಹುಡುಕುತ್ತಿದ್ದೆ. ಮಾಡುತ್ತಿದ್ದದ್ದೆಲ್ಲ ಅದು, ನಾನು ಸುಮ್ಮನೆ ಒಳಗೆ ಸಿಕ್ಕಿಕೊಂಡಿದ್ದೆ. ಸಂಪಾದಕರಿಂದ ‘ಆಗಬಹುದು’ ಅಂತ ಬಂತು, ಅವರ ಮಟ್ಟಿಗೆ ಅದು ಚಪ್ಪಾಳೆ. ಒಳಗಿನ ಬರಹದಲ್ಲಿ ‘ಬೀಡುಬಿಟ್ಟೆ’ ಒಂದು ಕಡೆ, ಮೊದಲ ಕಂತಿನ ಜಾಗದಲ್ಲಿ, ಇಟ್ಟುಕೊಂಡಿದ್ದೇನೆ. ಆಗ ಇನ್ನೂ ಎದ್ದು ಹೋಗಬಹುದಿತ್ತು. ಜ. ಅವರೇ, ಇನ್ನೂ ಬರೆಯುತ್ತಿರಿ. ಕಂದಕಗಳನ್ನೆಲ್ಲ ಗುಂಡಿ ಮಾಡಿದೆ.

ಸು.

*

ಮುತ್ತಿಗೆ ಒಳ್ಳೆಯ ಪದ, ಮಹಾಪ್ರಾಣವೂ ಇಲ್ಲ. ನಿಮ್ಮ ಮಾತು ಕೇಳಿ ನಾನೂ ಶುರು ಮಾಡಿದೆ, ಮೂರನೇ ಕಂತು ಮುಗಿಯಿತು. ಕಾರೆಂಟಾನ್ ಕಾಳಗದಲ್ಲಿ ಕಣ್ಣು ಕಾಣದೆ ಕುಳಿತುಬಿಡುವ ಬ್ಲೈತ್ ಎಂಬ ಹುಡುಗ, ಗಾಯದಿಂದ ಚೇತರಿಸಿಕೊಳ್ಳದೆ 1948ರಲ್ಲಿ ಸತ್ತ ಅಂತ ಕೊನೆಗೆ ಬರಹ ಬಂತು. ಸಂಕಟವಾಯಿತು. ಆರನೇ ಕಂತಿನ ಕತೆಯನ್ನು ಸು. ಅವರು ಆಗಲೇ ಹೇಳಿಬಿಟ್ಟಿದ್ದಾರೆ, ಮಿಕ್ಕಿದ್ದನ್ನು ದಯವಿಟ್ಟು ಯಾರೂ ಹೇಳಬೇಡಿ.

ಮಾ.

*

ಆ ಬರಹ ತಪ್ಪು. ಬ್ಲೈತ್ ಚೇತರಿಸಿಕೊಂಡರು, ಕೊರಿಯಾ ಯುದ್ಧದಲ್ಲೂ ಇದ್ದರು, ತೀರಿಕೊಂಡದ್ದು 1967ರಲ್ಲಿ. ಮೊದಲ ಸಲ ನೋಡಿದಾಗ ನಾನೂ ನಂಬಿ ಆ ರಾತ್ರಿ ಟಿವಿ ಆರಿಸಿ ಕೂತಿದ್ದೆ. ಏಳನೆಯದನ್ನು ಹಗಲಿನಲ್ಲಿ ನೋಡಿ.

ವೆಂ.ರಾ.