ಟ್ಯಾಕ್ಸ್, ಇನ್ಶೂರೆನ್ಸ್ ಇಲ್ಲದ ಕಾರನ್ನು ಹಗ್ಗ ಕಟ್ಟಿ ಎಳೆಯಬಹುದಾ?

ಪ್ರಶ್ನೆ (ಬದಿಯಡ್ಕದಿಂದ)
ಅಪ್ಪನ ಮಾರುತಿ 800 ನಾಲ್ಕು ವರ್ಷದಿಂದ ಹಲಸಿನ ಮರದಡಿ ನಿಂತಿದೆ. ವೈಪರ್ ಬುಡದಲ್ಲಿ ಪಾಚಿ ಕಟ್ಟಿದೆ. ಆರ್‌ಸಿ ಅವಧಿ ಮುಗಿದಿದೆ, ಟ್ಯಾಕ್ಸ್ ಕಟ್ಟಿಲ್ಲ, ಇನ್ಶೂರೆನ್ಸೂ ಇಲ್ಲ. ಗುಜರಿಗೆ ಹಾಕಲು ಮನಸ್ಸು ಬರುವುದಿಲ್ಲ. ತಮ್ಮನ ಜೀಪಿಗೆ ಕಟ್ಟಿ ಕಾಸರಗೋಡಿನ ವರ್ಕ್‌ಶಾಪಿಗೆ ಎಳೆದುಕೊಂಡು ಹೋದರೆ ಕೇಸ್ ಆಗುತ್ತಾ? ಎಂಜಿನ್ ಓಡುವುದೇ ಇಲ್ಲ ಅಲ್ವಾ?

ಉತ್ತರ (ಕುಂಬಳೆ)
ಎಂಜಿನ್ ಓಡದಿದ್ದರೂ ಚಕ್ರ ರಸ್ತೆ ಮೇಲೆಯೇ ಉರುಳುವುದು ಅಣ್ಣ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಗಾಡಿ ಬಳಸಲು ಥರ್ಡ್ ಪಾರ್ಟಿ ಇನ್ಶೂರೆನ್ಸ್ ಬೇಕೇ ಬೇಕು. ಮೊದಲ ಸಲವೇ 2000 ರೂಪಾಯಿ ದಂಡ, ಮೂರು ತಿಂಗಳವರೆಗೆ ಜೈಲೂ ಆಗಬಹುದು. ಕೆಟ್ಟು ನಿಂತ ಗಾಡಿಯನ್ನು ಹತ್ತಿರದ ಗ್ಯಾರೇಜಿಗೆ ಎಳೆಯಲು ಅವಕಾಶ ಇದೆ ನಿಜ, ಆದರೆ ಹಿಂದಿನ ಗಾಡಿಯಲ್ಲೂ ಲೈಸೆನ್ಸ್ ಇರುವವರು ಸ್ಟೇರಿಂಗ್ ಹಿಡಿದಿರಬೇಕು, ನಡುವಿನ ಅಂತರ 5 ಮೀಟರ್ ದಾಟಬಾರದು, ಹಗ್ಗ ಬೇರೆಯವರ ಕಣ್ಣಿಗೆ ಬೀಳುವಂತಿರಬೇಕು. ಇಷ್ಟೆಲ್ಲ ಮಾಡಿದರೂ ಇನ್ಶೂರೆನ್ಸ್ ಇಲ್ಲದ ತಪ್ಪು ತಪ್ಪೇ.

ಉತ್ತರ (ಉಪ್ಪಳ)
ದಂಡಕ್ಕಿಂತ ಬ್ರೇಕ್ ಬಗ್ಗೆ ಯೋಚಿಸಿ. ನಾವು ಹೀಗೇ ಒಂದು ಕಾರು ಎಳೆದಿದ್ದೆವು. ಎಂಜಿನ್ ಓಡದ್ದರಿಂದ ಇಳಿಜಾರಿನಲ್ಲಿ ಬ್ರೇಕ್ ಪೆಡಲ್ ಕಲ್ಲಿನ ಹಾಗೆ ಗಟ್ಟಿ, ಎರಡೂ ಕಾಲು ಇಟ್ಟು ಒತ್ತಿದರೂ ಕಾರು ನಿಲ್ಲದೆ ಮುಂದಿನ ಜೀಪಿಗೆ ಹೋಗಿ ಗುದ್ದಿತು. ಹಾದಿಯಲ್ಲಿ ಶಾಲೆ ಮಕ್ಕಳಿದ್ದರು, ಈಗಲೂ ನೆನೆದರೆ ಕೈ ನಡುಗುತ್ತದೆ.

ಉತ್ತರ (ಮುಳ್ಳೇರಿಯ)
ರಿಕವರಿ ಲಾರಿ ಕರೆಸಿ, ನಾಲ್ಕೂ ಚಕ್ರ ಮೇಲೆ ಹತ್ತಿಸಿ. ಇಲ್ಲದಿದ್ದರೆ ಮೆಕ್ಯಾನಿಕ್ಕನ್ನೇ ಅಂಗಳಕ್ಕೆ ಕರೆಸಿ. ಆಮೇಲೆ ಇನ್ಶೂರೆನ್ಸ್, ಟ್ಯಾಕ್ಸ್, ಆರ್‌ಸಿ ನವೀಕರಣ.

ಪ್ರಶ್ನೆ ಕೇಳಿದವರು
ಎಳೆಯುವುದು ಬಿಟ್ಟೆ. ನಾಳೆ ಲಾರಿಯವರಿಗೆ ಫೋನ್ ಮಾಡುತ್ತೇನೆ.