ಯೂರೋಪ್‌ನಲ್ಲಿ ಒಂದು ವರ್ಷ ವಾಲಂಟಿಯರ್: ಹೋಗಿ ಬಂದವರು ಹೇಳಿ, ದಿನಾ ಹೇಗಿರುತ್ತೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಜರ್ಮನಿಯ ಸರ್ಕಾರಿ ವಾಲಂಟಿಯರ್ ಯೋಜನೆ ಇದೆಯಲ್ಲ, ಬಿಎಫ್‌ಡಿ ಅಂತಾರೆ, ಅದರಲ್ಲಿ ನನಗೆ ಜಾಗ ಸಿಕ್ಕಿದೆ. ಸಣ್ಣ ಊರು, ವೃದ್ಧಾಶ್ರಮ, ಹನ್ನೆರಡು ತಿಂಗಳು. ಬಿ1 ಜರ್ಮನ್, ಅಂದರೆ ಮಧ್ಯಮ ಹಂತ, ಮುಗಿಸಿದ್ದೇನೆ. ಒಪ್ಪಂದದ ಕಾಗದ ಬಂದಿದೆ, ಇನ್ನೂ ಸಹಿ ಹಾಕಿಲ್ಲ. ವೀಸಾ ಬಗ್ಗೆ ಹೇಳೋರು ಬೇಕಾದಷ್ಟು ಜನ ಇದ್ದಾರೆ, ಆದರೆ ಅಲ್ಲಿ ಹೋದ ಮೇಲೆ ಬೆಳಗ್ಗೆಯಿಂದ ರಾತ್ರಿವರೆಗೆ ಹೇಗಿರುತ್ತೆ ಅಂತ ಯಾರೂ ಹೇಳ್ತಾ ಇಲ್ಲ. ಕೊಡೋ ದುಡ್ಡು ಸಾಕಾಗುತ್ತಾ? ಒಂಟಿತನ ಜಾಸ್ತಿನಾ? ಸಹಿ ಹಾಕೋ ಮುಂಚೆ ಏನೇನು ಕೇಳಿಕೊಳ್ಳಬೇಕು? ಅಲ್ಲಿ ಇದ್ದು ಬಂದವರು ದಯವಿಟ್ಟು ಹೇಳಿ. ಬೇರೆ ದೇಶದ ಅನುಭವ ಆದರೂ ಪರವಾಗಿಲ್ಲ.

ಉತ್ತರ: ಸ್ಟುಟ್‌ಗಾರ್ಟ್ ಹತ್ತಿರ ಬಿಎಫ್‌ಡಿ ಮಾಡಿದವಳು

ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ. ಕಾನೂನಿನಲ್ಲಿ ಇರೋದು ಪಾಕೆಟ್ ಮನಿ ಗರಿಷ್ಠ ಎಷ್ಟು ಅನ್ನೋದು ಮಾತ್ರ. 2025ರಲ್ಲಿ ಅದು ತಿಂಗಳಿಗೆ 644 ಯೂರೋ ಇತ್ತು. ಅಷ್ಟೂ ಕೊಡಲೇಬೇಕು ಅಂತೇನಿಲ್ಲ, ಎಷ್ಟೋ ಕಡೆ ಕಡಿಮೆಯೇ ಕೊಡುತ್ತಾರೆ. ಹಾಗಾಗಿ ಬರೀ ಮೊತ್ತ ನೋಡಿ ಖುಷಿಪಡಬೇಡಿ, ಬೇಜಾರೂ ಬೇಡ. ರೂಮು ಅವರೇ ಕೊಡುತ್ತಾರಾ, ಕರೆಂಟು ಮತ್ತು ಹೀಟಿಂಗ್ ಅದರಲ್ಲೇ ಸೇರಿದೆಯಾ, ಊಟ ಕೆಲಸದ ದಿನ ಮಾತ್ರಾನಾ ಅಥವಾ ರಜೆ ದಿನವೂ ಇದೆಯಾ, ಇಂಟರ್ನೆಟ್ ಯಾರ ಲೆಕ್ಕ, ಇದೆಲ್ಲ ಕೇಳಿದ ಮೇಲೇ ಆ ಮೊತ್ತ ದೊಡ್ಡದೋ ಚಿಕ್ಕದೋ ಗೊತ್ತಾಗೋದು. ಆರೋಗ್ಯ ವಿಮೆ, ಪಿಂಚಣಿ ವಿಮೆಗಳನ್ನು ಪೂರ್ತಿ ಅವರೇ ಕಟ್ಟುತ್ತಾರೆ, ನಿಮ್ಮ ದುಡ್ಡಿನಿಂದ ಹಿಡಿಯೋದಿಲ್ಲ. ಬಸ್ಸು ರೈಲಿಗೆ ಡಾಯ್ಚ್‌ಲಾಂಡ್ ಟಿಕೆಟ್ ಅಂತ ತಿಂಗಳ ಪಾಸ್ ಇದೆ. 2023ರಲ್ಲಿ 49 ಯೂರೋಗೆ ಶುರುವಾಗಿದ್ದು 2025ರಲ್ಲಿ 58 ಆಯ್ತು, 2026ರಿಂದ 63. ಪಾಕೆಟ್ ಮನಿಯಲ್ಲಿ ಬದುಕೋರಿಗೆ ಇದು ಸಣ್ಣ ಮೊತ್ತ ಅಲ್ಲ, ಅವರು ಕೊಡಿಸುತ್ತಾರಾ ಅಂತ ಸಂಕೋಚ ಇಲ್ಲದೆ ಕೇಳಿ. ಅದರಲ್ಲಿ ಐಸಿಇ ತರಹದ ದೂರದ ವೇಗದ ರೈಲು ಹತ್ತೋ ಹಾಗಿಲ್ಲ, ಲೋಕಲ್ ರೈಲು ಮಾತ್ರ.

ಈಗ ಕೆಲಸ. ಬೆಳಗಿನ ಶಿಫ್ಟ್ ಅಂದರೆ ಕತ್ತಲಲ್ಲೇ ಮನೆ ಬಿಡೋದು. ಹಾಸಿಗೆ ಸರಿ ಮಾಡೋದು, ತಿಂಡಿ ಟ್ರಾಲಿ ತಳ್ಳೋದು, ಕೈ ನಡುಗೋರಿಗೆ ತಿನ್ನಿಸೋದು, ವೀಲ್‌ಚೇರ್‌ನಲ್ಲಿ ಹೊರಗೆ ಕರಕೊಂಡು ಹೋಗೋದು, ಮಧ್ಯಾಹ್ನ ಲೂಡೋ ಆಡೋದು. ತಿನ್ನಿಸೋದು ಸುಲಭ ಅಂದುಕೊಂಡಿರುತ್ತೀರಿ, ಅಲ್ಲ. ನಿಂತುಕೊಂಡು ತಿನ್ನಿಸಬಾರದು, ಅವರ ಕಣ್ಣಿನ ಮಟ್ಟಕ್ಕೆ ಕುರ್ಚಿ ಹಾಕಿಕೊಂಡು ಕೂರಬೇಕು, ಇಲ್ಲದಿದ್ದರೆ ಅವರು ನಿಮ್ಮನ್ನು ನೋಡೋಕೆ ತಲೆ ಮೇಲೆತ್ತುತ್ತಾರೆ, ಆಗ ತುತ್ತು ಶ್ವಾಸನಾಳಕ್ಕೆ ಹೋಗೋ ಅಪಾಯ. ಗಲ್ಲ ಸ್ವಲ್ಪ ಕೆಳಗೇ ಇರಲಿ. ಅರ್ಧ ಚಮಚ ಸಾಕು. ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಇಳಿದದ್ದು ಕಂಡ ಮೇಲೇ ಮುಂದಿನ ಚಮಚ. ಕೆಲವರಿಗೆ ನೀರಿಗೂ ಒಂದು ಪುಡಿ ಹಾಕಿ ಮಂದ ಮಾಡಿ ಕೊಡಬೇಕು. ಯಾರಿಗೆ, ಎಷ್ಟು ಮಂದ ಅನ್ನೋದನ್ನು ನರ್ಸ್ ಹತ್ತಿರ ಕೇಳಿ, ಅಂದಾಜಿನ ಮೇಲೆ ಬೇಡ. ಮೊದಲ ವಾರ ಯಾರಾದರೂ ಪಕ್ಕದಲ್ಲಿ ನಿಂತು ತೋರಿಸಬೇಕು. ತೋರಿಸದೆ ತಟ್ಟೆ ಕೈಗೆ ಕೊಟ್ಟರೆ ನೀವೇ ಕೇಳಿ.

ಮಾತ್ರೆ ಕೊಡೋದು, ಇಂಜೆಕ್ಷನ್, ಗಾಯಕ್ಕೆ ಡ್ರೆಸ್ಸಿಂಗ್, ಇದ್ಯಾವುದೂ ನಿಮ್ಮ ಕೆಲಸ ಅಲ್ಲ. ಈ ಯೋಜನೆಯ ಮೂಲ ನಿಯಮವೇ ಅದು: ವಾಲಂಟಿಯರ್ ಇರೋದು ಕೈ ಜೋಡಿಸೋಕೆ, ಸಂಬಳದ ನೌಕರನ ಜಾಗ ತುಂಬೋಕೆ ಅಲ್ಲ. ಆದರೆ ಜನ ಕಡಿಮೆ ಇರೋ ದಿನ ಈ ಗೆರೆ ತಾನಾಗಿ ಅಳಿಸಿಹೋಗುತ್ತೆ. ಯಾರೂ ಕೆಟ್ಟವರು ಅಂತಲ್ಲ, "ಇವತ್ತೊಂದು ದಿನ" ಅಂತ ಶುರುವಾಗುತ್ತೆ. ನೀವು ವಿದೇಶಿ, ಭಾಷೆ ಅರ್ಧಂಬರ್ಧ, ವೀಸಾ ಆ ಜಾಗಕ್ಕೇ ಅಂಟಿಕೊಂಡಿದೆ, ಹಾಗಾಗಿ ಬೇಡ ಅನ್ನೋಕೆ ಬಾಯಿ ಬರೋದಿಲ್ಲ. ನನ್ನ ಪ್ರಕಾರ ಇಡೀ ವರ್ಷ ಚೆನ್ನಾಗಿರೋದು ಕೆಡೋದು ನಿಂತಿರೋದು ಇದರ ಮೇಲೇ. ಚಳಿ, ಊಟ, ಭಾಷೆ ಎಲ್ಲ ಆಮೇಲೆ.

ಬಿ1 ಇದ್ದರೂ ಮೊದಲ ತಿಂಗಳು ಕಿವಿ ಸೋಲುತ್ತೆ. ಅಜ್ಜ ಅಜ್ಜಿಯರು ಮಾತಾಡೋದು ಅವರ ಊರಿನ ಜರ್ಮನ್, ಅದರಲ್ಲೂ ಹಲ್ಲು ಕಟ್ಟಿಸಿದ ಬಾಯಲ್ಲಿ. ಅದಕ್ಕೆ ಯಾವ ಕೋರ್ಸೂ ಇಲ್ಲ, ಕೂತು ಕೇಳಬೇಕು ಅಷ್ಟೇ. ಒಳ್ಳೇದೇನು ಅಂದರೆ ಅವರಿಗೆ ಟೈಮ್ ಇರುತ್ತೆ, ಹೇಳಿದ್ದನ್ನೇ ಹತ್ತು ಸಲ ಹೇಳುತ್ತಾರೆ!

ಉತ್ತರ: ಲೈಪ್‌ಜಿಗ್‌ನಲ್ಲಿ ಇದ್ದವನು

ಮೇಲೆ ಅಕ್ಕ ಹೇಳಿದ್ದಕ್ಕೆ ನನ್ನದೂ ಸ್ವಲ್ಪ ಸೇರಿಸುತ್ತೇನೆ, ಬರೀ ಮನೆ ವಿಷಯ.

ಹೋಗಿ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಕೊಟ್ಟವರ ಸಹಿ ಇರೋ ಕಾಗದ ಬೇಕು, ಮೊದಲ ದಿನವೇ ಕೇಳಿ ಇಸಕೊಳ್ಳಿ. ವಿಳಾಸ ದಾಖಲಾಗದೆ ಉಳಿದ ಕೆಲಸ ಒಂದೂ ಮುಂದೆ ಹೋಗೋದಿಲ್ಲ. ನೋಂದಣಿ ಆದ ಮೇಲೆ ಟಿವಿ ರೇಡಿಯೋ ಶುಲ್ಕದ ಪತ್ರ ಬರುತ್ತೆ, ತಿಂಗಳಿಗೆ 18.36 ಯೂರೋ. "ನನ್ನ ಹತ್ತಿರ ಟಿವಿನೇ ಇಲ್ಲ" ಅಂದರೆ ಕೇಳೋದಿಲ್ಲ. ಆದರೆ ಅದು ಮನೆಗೆ ಒಂದು, ತಲೆಗೆ ಒಂದಲ್ಲ. ಜೊತೆಯಲ್ಲಿರೋರು ಯಾರಾದರೂ ಆಗಲೇ ಕಟ್ಟುತ್ತಿದ್ದರೆ ಅವರ ನಂಬರ್ ಬರೆದು ವಾಪಸ್ ಕಳಿಸಿ. ಪತ್ರ ಕಸದ ಬುಟ್ಟಿಗೆ ಹಾಕಿದರೆ ಬಾಕಿ ಬೆಳೆಯುತ್ತಾ ಹೋಗುತ್ತೆ.

ಬೀಗದ ಕೈ. ಇದನ್ನು ಯಾರೂ ಮೊದಲೇ ಹೇಳೋದಿಲ್ಲ. ಅಲ್ಲಿ ಒಂದೇ ಕೀಲಿ ರೂಮಿಗೂ, ಕಟ್ಟಡದ ಹೊರಬಾಗಿಲಿಗೂ, ನೆಲಮಾಳಿಗೆಗೂ ಹೊಂದೋ ಹಾಗೆ ಬೀಗಗಳನ್ನು ಜೋಡಿಸಿರುತ್ತಾರೆ. ಅಂಥ ಒಂದು ಕೀಲಿ ಕಳೆದರೆ ಇಡೀ ಕಟ್ಟಡದ ಬೀಗ ಬದಲಿಸಬೇಕಾಗಬಹುದು, ಬಿಲ್ಲು ಸಾವಿರಾರು ಯೂರೋ. ನನ್ನ ಜೊತೆಗಿದ್ದ ಹುಡುಗನ ಕೀಲಿ ಟ್ರಾಮ್‌ನಲ್ಲಿ ಬಿದ್ದುಹೋಗಿ ಎರಡು ದಿನ ಅವನಿಗೆ ನಿದ್ದೆ ಇಲ್ಲ, ಪುಣ್ಯಕ್ಕೆ ಟ್ರಾಮ್ ಕಂಪನಿಯವರ ಹತ್ತಿರ ಸಿಕ್ಕಿತು. ಹಾಫ್ಟ್‌ಫ್ಲಿಖ್ಟ್ ಅನ್ನೋ ವಿಮೆ ಸಿಗುತ್ತೆ, ನಿಮ್ಮಿಂದ ಬೇರೆಯವರ ವಸ್ತು ಹಾಳಾದರೆ ಅದು ಕಟ್ಟಿಕೊಡುತ್ತೆ. ಕಂತು ಜಾಸ್ತಿ ಏನಲ್ಲ. ಅದರಲ್ಲಿ ಕೀಲಿ ಕಳೆಯೋದು ಸೇರಿದೆಯಾ, ಅದರಲ್ಲೂ ಕೆಲಸದ ಜಾಗದ ಕೀಲಿ ಸೇರಿದೆಯಾ ಅಂತ ಓದಿ ತಗೊಳ್ಳಿ.

ಭಾನುವಾರ ಅಂಗಡಿ ಮುಚ್ಚಿರುತ್ತೆ. ಪೂರ್ತಿ. ದೊಡ್ಡ ರೈಲ್ವೆ ಸ್ಟೇಷನ್ ಒಳಗಿನವು ತೆರೆದಿರುತ್ತವೆ, ಬೇಕರಿ ಕೆಲವು ಗಂಟೆ, ಅಷ್ಟೇ. ಶನಿವಾರ ಸಂಜೆಯೊಳಗೆ ಸಾಮಾನು ತಂದಿಡಿ. ಪ್ಲಾಸ್ಟಿಕ್ ಬಾಟಲಿ, ಕ್ಯಾನ್ ಎಸೆಯಬೇಡಿ, ಸೂಪರ್‌ಮಾರ್ಕೆಟ್ ಮಷೀನಿಗೆ ಹಾಕಿದರೆ ಸಾಮಾನ್ಯವಾಗಿ ಒಂದಕ್ಕೆ 25 ಸೆಂಟ್ ವಾಪಸ್. ಗಾಜಿನ ಬಾಟಲಿಯನ್ನು ಬೀದಿ ಡಬ್ಬಕ್ಕೆ ಭಾನುವಾರ ಹಾಕಬೇಡಿ, ಸದ್ದಾಗುತ್ತೆ ಅಂತ ಪಕ್ಕದ ಮನೆಯವರು ಕಿಟಕಿಯಿಂದಲೇ ಬೈಯುತ್ತಾರೆ. ರಾತ್ರಿ ಹತ್ತರ ಮೇಲೆ ವಾಷಿಂಗ್ ಮಷೀನ್ ಹಾಕಿದರೂ ಅದೇ ಕಥೆ.

ರಾತ್ರಿ ಜ್ವರ ಬಂದರೆ 116117, ಜೀವಕ್ಕೆ ಅಪಾಯ ಅಂದರೆ 112. ಈಗಲೇ ಫೋನಲ್ಲಿ ಹಾಕಿಟ್ಟುಕೊಳ್ಳಿ.

ಉತ್ತರ: ವಿಲ್ನಿಯಸ್‌ನಿಂದ

ನಾನು ವಾಲಂಟಿಯರ್ ಆಗಿರಲಿಲ್ಲ. ಲಿಥುವೇನಿಯಾದಲ್ಲಿ ಯೂರೋಪಿಯನ್ ಸಾಲಿಡಾರಿಟಿ ಕೋರ್ ಮೂಲಕ ಬರೋ ಹುಡುಗ ಹುಡುಗಿಯರಿಗೆ ಮೆಂಟರ್ ಆಗಿದ್ದೆ. ಅದು 18ರಿಂದ 30 ವಯಸ್ಸಿನವರಿಗೆ ಯೂರೋಪಿಯನ್ ಒಕ್ಕೂಟ ನಡೆಸೋ ಯೋಜನೆ. ಭಾರತದಲ್ಲಿ ಕೂತು ಅರ್ಜಿ ಹಾಕೋರಿಗೆ ಈ ಬಾಗಿಲು ಸಾಮಾನ್ಯವಾಗಿ ತೆರೆಯೋದಿಲ್ಲ, ಅದರಲ್ಲಿ ಸೇರಿರೋ ದೇಶದಲ್ಲಿ ಕಾನೂನುಬದ್ಧವಾಗಿ ವಾಸ ಇದ್ದರೆ ಮಾತ್ರ ನೋಡಬಹುದು. ಆದರೂ ಅದರ ನಿಯಮ ಹೇಳುತ್ತೇನೆ, ನಿಮ್ಮ ಕಾಗದ ಪಕ್ಕದಲ್ಲಿಟ್ಟು ಹೋಲಿಸಿ ನೋಡೋಕೆ ಚೆನ್ನಾಗಿದೆ: ವಾರಕ್ಕೆ 38 ಗಂಟೆಗಿಂತ ಜಾಸ್ತಿ ಕೆಲಸ ಇಲ್ಲ, ವಾರದಲ್ಲಿ ಎರಡು ದಿನ ಒಟ್ಟಿಗೇ ರಜೆ, ತಿಂಗಳಿಗೆ ಇನ್ನೆರಡು ದಿನ ರಜೆ, ಕೆಲಸ ಹೇಳೋರು ಬೇರೆ ಮತ್ತು ಮೆಂಟರ್ ಬೇರೆ.

ಆ ಕೊನೇದು ಬಹಳ ಮುಖ್ಯ. ಕೆಲಸ ಹೇಳೋರ ಬಗ್ಗೆಯೇ ತಕರಾರು ಇದ್ದರೆ ಅವರ ಹತ್ತಿರವೇ ಹೇಳೋದು ಹೇಗೆ? ನಿಮಗೆ ಅಂಥ ಒಬ್ಬರು ಹೊರಗಿನವರು ಇದ್ದಾರಾ ಅಂತ ಕೇಳಿ, ಹೆಸರು ಮತ್ತು ಫೋನ್ ನಂಬರ್ ಸಮೇತ.

ಇನ್ನೊಂದು ಮಾತು. ಎಲ್ಲರೂ ಕೆಲಸ ಜಾಸ್ತಿ ಅಂತ ಹೆದರುತ್ತಾರೆ, ನಾನು ಜಾಸ್ತಿ ನೋಡಿದ್ದು ಕೆಲಸವೇ ಇಲ್ಲ ಅನ್ನೋ ಕಷ್ಟ. ಭಾಷೆ ಬಾರದ ಹುಡುಗನಿಗೆ ಏನು ಕೊಡೋದು ಅಂತ ಅವರಿಗೂ ಗೊತ್ತಾಗದೆ ಮೂಲೆಯಲ್ಲಿ ಕೂರಿಸಿಬಿಡುತ್ತಾರೆ. ಅವನು ಫೋನ್ ನೋಡ್ತಾ ಕೂರುತ್ತಾನೆ, ಅವರು "ಇವನಿಗೆ ಆಸಕ್ತಿಯೇ ಇಲ್ಲ" ಅಂದುಕೊಳ್ಳುತ್ತಾರೆ. ಮೂರನೇ ದಿನಕ್ಕೇ ಹೋಗಿ ಒಂದು ಖಾಯಂ ಕೆಲಸ ಕೇಳಿ: ಪ್ರತಿದಿನ ಇಷ್ಟು ಹೊತ್ತಿಗೆ ಇದು ನನ್ನದು ಅಂತ. ಗಿಡಕ್ಕೆ ನೀರು ಹಾಕೋದಾದರೂ ಸರಿ.

ಒಂಟಿತನ ಕೇಳಿದ್ರಿ. ಅದು ಮೊದಲ ತಿಂಗಳಲ್ಲಿ ಬರೋದಿಲ್ಲ, ಆಗ ಎಲ್ಲಾ ಹೊಸದು. ನವೆಂಬರ್‌ನಲ್ಲಿ ಬರುತ್ತೆ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ, ಡಿಸೆಂಬರ್ ಹೊತ್ತಿಗೆ ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲು. ಬರ್ಲಿನ್ನಿನಲ್ಲೂ ಅಷ್ಟೇ. ಅದಕ್ಕೆ ಸೆಪ್ಟೆಂಬರ್‌ನಲ್ಲೇ ವಾರಕ್ಕೊಂದು ದಿನ ಹೋಗೋ ಜಾಗ ಹುಡುಕಿಕೊಳ್ಳಿ, ಗಾಯನ ತಂಡವೋ ಬ್ಯಾಡ್ಮಿಂಟನ್ ಕ್ಲಬ್ಬೋ, ಕೆಲಸದವರು ಯಾರೂ ಇರದ ಜಾಗ. ಬೇಜಾರಾದ ಮೇಲೆ ಹುಡುಕೋಕೆ ಮನಸ್ಸೇ ಬರೋದಿಲ್ಲ.

ಉತ್ತರ: ಸ್ಕಾಟ್‌ಲೆಂಡ್‌ನಲ್ಲಿ ಇದ್ದು ಬಂದವಳು

ನಂದು ಬೇರೆ ಥರ. ಅಬರ್ಡೀನ್ ಹತ್ತಿರ ಕ್ಯಾಂಪ್‌ಹಿಲ್ ಅಂತ ಸಮುದಾಯಗಳಿವೆ. ವಿಯೆನ್ನಾದಿಂದ ತಪ್ಪಿಸಿಕೊಂಡು ಬಂದ ಕಾರ್ಲ್ ಕೋನಿಗ್ ಅನ್ನೋ ಡಾಕ್ಟರ್ ಮತ್ತು ಅವರ ಜೊತೆಗಾರರು 1940ರಲ್ಲಿ ಶುರು ಮಾಡಿದ್ದು. ಕಲಿಕೆಯ ತೊಂದರೆ ಇರೋರ ಜೊತೆ ಒಂದೇ ಮನೆಯಲ್ಲಿ ವಾಸ, ಒಂದೇ ಟೇಬಲ್‌ನಲ್ಲಿ ಊಟ. ವೀಸಾ ಚಾರಿಟಿ ವರ್ಕರ್ ವೀಸಾ, ಹನ್ನೆರಡು ತಿಂಗಳೇ ಮಿತಿ, ಸಂಬಳ ತಗೊಳ್ಳೋ ಹಾಗಿಲ್ಲ. ಆರೋಗ್ಯ ಸೇವೆಯ ಶುಲ್ಕ ಅಂತ ವರ್ಷಕ್ಕೆ 1,035 ಪೌಂಡ್ ವೀಸಾ ಜೊತೆಗೇ ಕಟ್ಟಬೇಕು. ಅದನ್ನು ಯಾರು ಕಟ್ಟುತ್ತಾರೆ ಅಂತ ಅರ್ಜಿ ಹಾಕೋ ಮುಂಚೆ ಕೇಳಿ.

ಕೆಲಸದ ಜಾಗದಲ್ಲೇ ಮನೆ ಇದ್ದರೆ ಬಾಡಿಗೆ ಇಲ್ಲ, ಓಡಾಟ ಇಲ್ಲ, ಊಟದ ಚಿಂತೆ ಇಲ್ಲ. ಆದರೆ ರಜೆ ದಿನ ಟೀ ಮಾಡೋಕೆ ಅಡುಗೆಮನೆಗೆ ಇಳಿದರೆ ಯಾರಾದರೂ ಒಂದು ಕೆಲಸ ಹೇಳುತ್ತಾರೆ, ನೀವು ಇಲ್ಲ ಅನ್ನೋದಿಲ್ಲ. ನಾನು ರೂಮಿಗೇ ಒಂದು ಕೆಟಲ್ ತಂದಿಟ್ಟುಕೊಂಡೆ. ರಜೆ ದಿನ ಬೆಳಗ್ಗೆ ಟೀ ಕುಡಿದು ನೇರ ಬಸ್ ಸ್ಟಾಪಿಗೆ. ಯಾರ ಜೊತೆಗೂ ಜಗಳ ಇಲ್ಲ, ವಾದ ಇಲ್ಲ. ಆಮೇಲಾಮೇಲೆ ಅವರಿಗೂ ಅಭ್ಯಾಸ ಆಯ್ತು.

ಆ ಮನೆಯ ಜನ ಇವತ್ತಿಗೂ ನನಗೆ ಪತ್ರ ಬರೆಯುತ್ತಾರೆ, ಅದೂ ಹೇಳಬೇಕಲ್ವಾ. ಬರೀ ಎಚ್ಚರಿಕೆ ಹೇಳಿದರೆ ಹುಡುಗಿ ಹೋಗೋದೇ ಬೇಡ ಅಂದುಕೊಂಡಾಳು!

ಮಧ್ಯದಲ್ಲಿ ಇನ್ನೊಬ್ಬರ ಪ್ರಶ್ನೆ

ಟೂರಿಸ್ಟ್ ವೀಸಾದಲ್ಲಿ ಹೋಗಿ ಫಾರ್ಮ್‌ನಲ್ಲಿ ಕೆಲಸ ಮಾಡಿಕೊಟ್ಟು ಊಟ ವಸತಿ ಪಡೆಯೋದು ಸುಲಭ ಅಲ್ವಾ? ಎಷ್ಟೋ ಜನ ಮಾಡ್ತಾರಲ್ಲ.

ಉತ್ತರ: ಲೈಪ್‌ಜಿಗ್‌ನಲ್ಲಿ ಇದ್ದವನು

ಮಾಡ್ತಾರೆ, ಸಿಕ್ಕಿಬೀಳೋದೂ ಇದೆ. ದುಡ್ಡು ಕೊಡದಿದ್ದರೂ ಊಟ ವಸತಿಗೆ ಬದಲಾಗಿ ಮಾಡೋದನ್ನು ಎಷ್ಟೋ ಕಡೆ ಕೆಲಸ ಅಂತಲೇ ಲೆಕ್ಕ ಹಾಕುತ್ತಾರೆ. ಷೆಂಗೆನ್‌ನಲ್ಲಿ, ಅಂದರೆ ಒಂದೇ ವೀಸಾ ನಡೆಯೋ ಯೂರೋಪಿನ ದೇಶಗಳಲ್ಲಿ, ಟೂರಿಸ್ಟ್ ಆಗಿ ಇರೋಕೆ 180 ದಿನದಲ್ಲಿ 90 ದಿನ ಮಾತ್ರ. 2025ರ ಅಕ್ಟೋಬರ್‌ನಿಂದ ಹಂತ ಹಂತವಾಗಿ ಗಡಿಯಲ್ಲಿ ಬೆರಳಚ್ಚು, ಫೋಟೋ ತಗೊಂಡು ಕಂಪ್ಯೂಟರೇ ದಿನ ಎಣಿಸೋ ವ್ಯವಸ್ಥೆ ಬಂದಿದೆ. ಅಲ್ಲಿ ಏನಾದರೂ ಪೆಟ್ಟಾದರೆ ವಿಮೆಯವರು ಮೊದಲು ಕೇಳೋದೇ ಏನು ಮಾಡ್ತಿದ್ದಿರಿ ಅಂತ. ಬೇಡ.

ಪ್ರಶ್ನೆ ಕೇಳಿದವಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕಾ, ಒಂದು ಅನುಮಾನ. ಕಾಗದದಲ್ಲಿ ವಾರಕ್ಕೆ 39 ಗಂಟೆ ಅಂತ ಇದೆ. ಆದರೆ ವಿಡಿಯೋ ಕಾಲ್‌ನಲ್ಲಿ "ಆಗಾಗ ರಾತ್ರಿ ಪಾಳಿಗೂ ಬರಬೇಕಾಗಬಹುದು" ಅಂದರು. ಆಗಲ್ಲ ಅಂದರೆ ಜಾಗವೇ ತಪ್ಪುತ್ತೇನೋ ಅಂತ ಭಯ.

ಉತ್ತರ: ಸ್ಟುಟ್‌ಗಾರ್ಟ್ ಹತ್ತಿರ ಬಿಎಫ್‌ಡಿ ಮಾಡಿದವಳು

ಆಗಲ್ಲ ಅನ್ನಬೇಡಿ, ಪ್ರಶ್ನೆ ಕೇಳಿ. ಮೇಲ್ ಹಾಕಿ: ರಾತ್ರಿ ಪಾಳಿಯಲ್ಲಿ ನನ್ನ ಜೊತೆ ತರಬೇತಿ ಪಡೆದ ಸಿಬ್ಬಂದಿ ಯಾರು ಇರುತ್ತಾರೆ, ನನ್ನ ಕೆಲಸ ಏನೇನು, ಮಾರನೇ ದಿನ ರಜೆ ಹೇಗೆ, ಶನಿವಾರ ಭಾನುವಾರ ತಿಂಗಳಿಗೆ ಎಷ್ಟು. ಉತ್ತರ ಬರವಣಿಗೆಯಲ್ಲೇ ಬರಲಿ. ಒಬ್ಬಳೇ ಇರಬೇಕು ಅಂತ ಬರೆದರೆ ಅದು ವಾಲಂಟಿಯರ್ ಕೆಲಸವೇ ಅಲ್ಲ, ಸಹಿ ಹಾಕಬೇಡಿ. "ನೋಡೋಣ ಬನ್ನಿ" ಅಂತ ಬಂದರೆ ನಿಮ್ಮ ಮೇಲ್ವಿಚಾರಣೆ ಮಾಡೋ ಸಂಸ್ಥೆಗೆ ಅದೇ ಮೇಲ್ ಕಳಿಸಿ ಕೇಳಿ.

ವರ್ಷಕ್ಕೆ 25 ದಿನ ಸೆಮಿನಾರ್ ಇರುತ್ತೆ, 27 ವಯಸ್ಸಿನ ಒಳಗಿನವರಿಗೆ. ಕೆಲಸ ಜಾಸ್ತಿ ಇದೆ ಅಂತ ಅದನ್ನು ತಪ್ಪಿಸೋಕೆ ಹೇಳಿದರೆ ಒಪ್ಪಬೇಡಿ, ಅದೂ ಕೆಲಸದ ಸಮಯವೇ. ಬೇರೆ ಜಾಗದ ವಾಲಂಟಿಯರ್‌ಗಳು ಸಿಗೋದು ಅಲ್ಲೇ, ನಿಮ್ಮ ಜಾಗ ಸರಿಯಿದೆಯೋ ಇಲ್ಲವೋ ಗೊತ್ತಾಗೋದೂ ಅವರ ಮಾತು ಕೇಳಿದ ಮೇಲೆ. ಸರಿಯಿಲ್ಲ ಅನ್ನಿಸಿದರೆ ಜಾಗ ಬದಲಿಸೋದು ಸಾಧ್ಯ. ಆದರೆ ಮೊದಲು ಸಂಸ್ಥೆ, ಆಮೇಲೆ ವಿದೇಶಿಯರ ಕಚೇರಿ, ಅವರಿಬ್ಬರಿಗೂ ತಿಳಿಸದೆ ಬ್ಯಾಗ್ ಹಿಡಕೊಂಡು ಹೊರಡಬೇಡಿ. ಆ ಕಚೇರಿಯಲ್ಲಿ ಅಪಾಯಿಂಟ್‌ಮೆಂಟ್ ಸಿಗೋಕೇ ವಾರಗಟ್ಟಲೆ ಬೇಕು, ವೀಸಾ ಮುಗಿಯೋ ಮುಂಚೆ ಬೇಗನೇ ಬುಕ್ ಮಾಡಿ.

ಪ್ರಶ್ನೆ ಕೇಳಿದವಳು

ಇವತ್ತೇ ಮೇಲ್ ಹಾಕುತ್ತೇನೆ. ಕೀಲಿ ವಿಷಯ, ಭಾನುವಾರದ ಊಟ ಎರಡನ್ನೂ ಸೇರಿಸುತ್ತೇನೆ.

ಉತ್ತರ: ಸ್ಕಾಟ್‌ಲೆಂಡ್‌ನಲ್ಲಿ ಇದ್ದು ಬಂದವಳು

ಅಡುಗೆಮನೆ ಎಷ್ಟು ಜನಕ್ಕೆ, ಫ್ರಿಜ್‌ನಲ್ಲಿ ನಿಮ್ಮ ಪಾಲು ಎಷ್ಟು ಅಂತಲೂ ಕೇಳಿ. ನಗಬೇಡಿ. ನಮ್ಮಲ್ಲಿ ಜಗಳ ಆಗಿದ್ದೆಲ್ಲ ಅಲ್ಲೇ.