ಟಿಪ್ಸ್ ಎಷ್ಟು ಕೊಡಬೇಕು, ಯಾರಿಗೆ ಪಗಾರ ಕೊಡಬೇಕು

ಮೇಡಂ, ನೀವು ಮೈಸೂರಿನಿಂದ ಕಲಬುರಗಿಗೆ ವರ್ಗವಾಗಿ ಬಂದು ಎರಡು ತಿಂಗಳಾಯಿತು, ಹೋಟೆಲ್ ಸಪ್ಲೈಯರ್‌ಗೆ, ಡೆಲಿವರಿ ಹುಡುಗರಿಗೆ, ಗ್ಯಾಸ್ ತರುವವರಿಗೆ ಎಷ್ಟು ಕೊಡಬೇಕು ಅಂತ ಕೇಳಿದ್ದೀರಿ. ನಾವು ಟಿಪ್ಸ್ ಕೊಟ್ಟರೆ ಮಾಲಕರಿಗೆ ಪಗಾರ ಕಡಿಮೆ ಕೊಡಲು ದಾರಿ ಮಾಡಿಕೊಟ್ಟ ಹಾಗೆ ಆಗುತ್ತದಾ ಅನ್ನುವುದು ನಿಮ್ಮ ಇನ್ನೊಂದು ಪ್ರಶ್ನೆ. ಅಮೆರಿಕದಲ್ಲಿರುವ ನಿಮ್ಮ ಅಣ್ಣ ಬಿಲ್ಲಿನ ಮೇಲೆ ಶೇ 20 ಕೊಡ್ತಾರಂತೆ. ನನಗೆ ಗೊತ್ತಿರುವುದನ್ನು, ನಮ್ಮ ಮನೆಯವರು, ಪಕ್ಕದವರು ಕಂಡಿದ್ದನ್ನು ಸೇರಿಸಿ ಬರೆಯುತ್ತೇನೆ. ಸ್ವಲ್ಪ ಉದ್ದ ಆಗಬಹುದು.

ಮೊದಲು ಅಣ್ಣನ ಲೆಕ್ಕ. ಅಲ್ಲಿನ ಕೇಂದ್ರ ಕಾನೂನಿನಲ್ಲಿ ಟಿಪ್ಸ್ ಸಿಗುವ ಕೆಲಸಗಾರರಿಗೆ ಮಾಲಕ ಗಂಟೆಗೆ 2.13 ಡಾಲರ್ ಕೊಟ್ಟರೂ ನಡೆಯುತ್ತದೆ, 1991ರಿಂದ ಆ ಅಂಕಿ ಬದಲಾಗಿಲ್ಲ. ಉಳಿದದ್ದು ಟಿಪ್ಸ್‌ನಿಂದ ಬರಲಿ ಅಂತ ಲೆಕ್ಕ. ಟಿಪ್ಸ್ ಸೇರಿಸಿದರೂ ಅಲ್ಲಿನ ಕನಿಷ್ಠ ಕೂಲಿಯಾದ ಗಂಟೆಗೆ 7.25 ಡಾಲರ್ ಆಗದಿದ್ದರೆ ಮಾಲಕ ತುಂಬಿಕೊಡಬೇಕು. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳಲ್ಲಿ ಹೀಗಿಲ್ಲ, ಅಲ್ಲಿ ಪೂರ್ತಿ ಕೂಲಿ ಕೊಟ್ಟ ಮೇಲೇ ಟಿಪ್ಸ್. ಒಟ್ಟಿನಲ್ಲಿ ಅಲ್ಲಿ ಬಹಳ ಕಡೆ ಟಿಪ್ಸ್ ಅಂದರೆ ಅರ್ಧ ಪಗಾರ. ನಮ್ಮಲ್ಲಿ ಹಾಗಲ್ಲ. ಹೋಟೆಲ್ ಕೆಲಸಕ್ಕೂ ಸರ್ಕಾರ ಕನಿಷ್ಠ ವೇತನ ಗೊತ್ತು ಮಾಡಿದೆ, ತುಟ್ಟಿಭತ್ಯೆ ಬೇರೆ. ಅದನ್ನು ಕೊಡುವುದು ಮಾಲಕನ ಜವಾಬ್ದಾರಿ. ಆದ್ದರಿಂದ ಶೇ 20 ಅನ್ನುವ ಲೆಕ್ಕವನ್ನು ಇಲ್ಲಿಗೆ ತರಬೇಡಿ.

ಇನ್ನು ನನ್ನ ಅನುಭವ. ಕಾಲೇಜಿನಲ್ಲಿದ್ದಾಗ ಎರಡು ವರ್ಷ ಒಂದು ಖಾನಾವಳಿಯಲ್ಲಿ ಸಂಜೆ ಹೊತ್ತು ಗಲ್ಲಾದ ಮೇಲೆ ಕೂರುತ್ತಿದ್ದೆ. ಬಡೇಸೋಪಿನ ತಟ್ಟೆಯಲ್ಲಿ ಬಿಟ್ಟ ಚಿಲ್ಲರೆ ಎಲ್ಲ ಒಂದು ಡಬ್ಬಿಗೆ ಬೀಳುತ್ತಿತ್ತು. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಸಪ್ಲೈಯರ್‌ಗಳು ಹಂಚಿಕೊಳ್ಳುತ್ತಿದ್ದರು. ಗ್ಲಾಸು ಒಡೆದರೆ ಅದರ ದುಡ್ಡನ್ನೂ ಮಾಲಕ ಆ ಡಬ್ಬಿಯಿಂದಲೇ ಮುರಿದುಕೊಳ್ಳುತ್ತಿದ್ದ. ಒಳಗೆ ಬೆಂಕಿ ಮುಂದೆ ಮೂರು ಜನ ಹೆಣ್ಣುಮಕ್ಕಳು ಬೆಳಿಗ್ಗೆಯಿಂದ ರೊಟ್ಟಿ ಬಡಿಯುತ್ತಿದ್ದರು. ಏಪ್ರಿಲ್, ಮೇ ತಿಂಗಳ ಕಲಬುರಗಿ ಬಿಸಿಲು ನೀವು ಇನ್ನೂ ನೋಡಬೇಕು, ಹೊರಗೇ 42, 43 ಡಿಗ್ರಿ ಇರುತ್ತದೆ, ಆ ಒಲೆ ಮುಂದೆ ಹೇಗಿರುತ್ತದೆ ನೀವೇ ಅಂದಾಜು ಮಾಡಿ. ಊಟ ಮಾಡಿದವರು ಹೊಗಳುತ್ತಿದ್ದುದು ರೊಟ್ಟಿಯನ್ನು, ಎಣ್ಣೆಗಾಯಿಯನ್ನು. ಡಬ್ಬಿಯಲ್ಲಿ ಆ ಮೂವರಿಗೆ ಒಂದು ರೂಪಾಯಿ ಪಾಲೂ ಇರಲಿಲ್ಲ. ನಾನು ಎರಡು ವರ್ಷ ಅಲ್ಲೇ ಕೂತಿದ್ದೆ, ಒಮ್ಮೆಯೂ ಕೇಳಲಿಲ್ಲ. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಅದಕ್ಕೇ ಈಗ ಎಲ್ಲಿ ಹೋದರೂ ಒಂದು ಮಾತು ಕೇಳಿಬಿಡುತ್ತೇನೆ: "ತಮ್ಮಾ, ಇದು ಯಾರಿಗೆ ಹೋಗ್ತದ?" ಹುಡುಗರು ಮುಚ್ಚಿಡುವುದಿಲ್ಲ, ಹೇಳುತ್ತಾರೆ. ಹೋದ ವರ್ಷ ಟೇಬಲ್ ಮೇಲಿನ ಕ್ಯೂಆರ್‌ಗೆ ಬಿಲ್ಲಿನ ಜೊತೆ 50 ರೂಪಾಯಿ ಜಾಸ್ತಿ ಹಾಕಿ, ಇದು ನಿನಗೆ ಅಂದೆ. "ಅಣ್ಣಾರ, ಅದು ಮಾಲಕರ ಖಾತೆಗೆ ಹೋಗ್ತದ್ರಿ" ಅಂದ. ಆಮೇಲಿನಿಂದ ಕಿಸೆಯಲ್ಲಿ ಹತ್ತು, ಇಪ್ಪತ್ತರ ನೋಟು ಇಟ್ಟುಕೊಂಡೇ ಹೋಗುತ್ತೇನೆ. ಖಾನಾವಳಿಯಲ್ಲಿ 10, 20 ಕೊಟ್ಟರೆ ಸಾಕು. ಕುಟುಂಬ ಸಮೇತ ಹೋಗಿ ಸಾವಿರ ರೂಪಾಯಿ ಬಿಲ್ ಆದರೆ 50 ಕೊಡುತ್ತೇನೆ. ರೊಟ್ಟಿ ಬಹಳ ಚೆನ್ನಾಗಿತ್ತು ಅನ್ನಿಸಿದರೆ ಒಳಗೆ ಹೋಗಿ ಬಡಿದ ಅವ್ವನ ಕೈಗೆ ಕೊಟ್ಟು ಬರುತ್ತೇನೆ. ಯಾರೂ ಬೇಡ ಅಂದಿಲ್ಲ.

ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಅಂತ ಇದ್ದರೆ ಅದು ಬೇರೆ ವಿಷಯ. ತಾನಾಗಿಯೇ ಸೇರಿಸುವ ಹಾಗಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿದೆ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಅಂದರೆ ತೆಗೆಯಬೇಕು. ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ನಾನು ಒಮ್ಮೆ ತೆಗೆಸಿ, ಅಷ್ಟೇ ದುಡ್ಡನ್ನು ಬಡಿಸಿದ ಹುಡುಗನಿಗೆ ಕೊಟ್ಟೆ. ಬಿಲ್ಲಿನಲ್ಲಿ ಬರುವುದರಲ್ಲಿ ಅವನಿಗೆ ಈವರೆಗೆ ಏನೂ ಸಿಕ್ಕಿರಲಿಲ್ಲವಂತೆ.

ಡೆಲಿವರಿ ವಿಷಯ ನಮ್ಮ ಪಕ್ಕದ ಮನೆಯ ಹುಡುಗನನ್ನು ಕೇಳಿದೆ. ಜೇವರ್ಗಿ ರಸ್ತೆ ಕಡೆ ಬೈಕ್ ಓಡಿಸುತ್ತಾನೆ. ಆ್ಯಪ್‌ನಲ್ಲಿ ಹಾಕಿದ ಟಿಪ್ಸ್ ತನಗೆ ಬರುತ್ತದೆ, ಆದರೆ ಕೈಗೆ ಕೊಟ್ಟರೆ ಅವತ್ತೇ ಪೆಟ್ರೋಲಿಗೆ ಆಗುತ್ತದೆ ಅಂದ. 20, 30 ಕೊಡಿ, ಮಧ್ಯಾಹ್ನದ ಬಿಸಿಲಿದ್ದರೆ ಮೊದಲು ತಣ್ಣೀರು ಕೊಡಿ. ಅವನಿಗೆ ದುಡ್ಡಿಗಿಂತ ಸಿಟ್ಟು ಬರುವುದು ಮನೆ ಗುರುತು ಸರಿಯಾಗಿ ಹೇಳದೆ ಹದಿನೈದು ನಿಮಿಷ ನಿಲ್ಲಿಸುವವರ ಮೇಲೆ, ಆ ಹೊತ್ತಿಗೆ ಅವನಿಗೆ ಕಂಪನಿ ಬೇರೆಯಾಗಿ ಏನೂ ಕೊಡುವುದಿಲ್ಲವಂತೆ. 2025ರಲ್ಲಿ ನಮ್ಮ ರಾಜ್ಯ ಹೀಗೆ ಆ್ಯಪ್ ಮೂಲಕ ಕೆಲಸ ಮಾಡುವ ಗಿಗ್ ಕೆಲಸಗಾರರಿಗೆ ಅಂತ ಕಾನೂನು ತಂದಿದೆ. ಪ್ರತಿ ಕೆಲಸಕ್ಕೆ ಕೊಡುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಂಪನಿಗಳು ಕಲ್ಯಾಣ ನಿಧಿಗೆ ಕಟ್ಟಬೇಕು. ಈ ಹುಡುಗನಿಗೆ ಅದರ ಹೆಸರೇ ಗೊತ್ತಿರಲಿಲ್ಲ. ನಿಮ್ಮ ಮನೆಗೆ ಬರುವವರಿಗೂ ಹೇಳಿ, ನೋಂದಣಿ ಮಾಡಿಸಿಕೊಳ್ಳಲಿ.

ಗ್ಯಾಸ್ ಸಿಲಿಂಡರ್ ಬಿಲ್ಲಿನಲ್ಲಿ ಮನೆಗೆ ತಲುಪಿಸುವ ಖರ್ಚು ಸೇರಿಯೇ ಇರುತ್ತದೆ, ಜಾಸ್ತಿ ಕೇಳಿದರೆ ಕೊಡಲೇಬೇಕು ಅಂತಿಲ್ಲ. ಲಿಫ್ಟ್ ಇಲ್ಲದ ಮೂರನೇ ಮಹಡಿಗೆ ಹೊತ್ತು ತಂದರೆ ನಾನು ಕೊಡುತ್ತೇನೆ.

ಆಸ್ಪತ್ರೆಯದ್ದು ನೀವು ಕೇಳಿಲ್ಲ, ಆದರೂ ಹೇಳಬೇಕು. ನನ್ನ ತಂಗಿಯ ಹೆರಿಗೆಯಾದಾಗ ಆಯಾ ಬಂದು "ಖುಷಿ ಕೊಡ್ರಿ" ಅಂದರು. ಗಂಡಾದರೆ ಐನೂರು, ಹೆಣ್ಣಾದರೆ ಇನ್ನೂರು ಅಂತ ಅಲ್ಲಿ ರೇಟೇ ಇತ್ತು. ಹುಟ್ಟಿದ್ದು ಹೆಣ್ಣು. ನಮ್ಮ ಅವ್ವ ಐನೂರು ಕೊಟ್ಟು, "ನಮ್ಮ ಮನಿಗೆ ಲಕ್ಷ್ಮಿ ಬಂದಾಳ, ಕಡಿಮಿ ಯಾಕ ತಗೋತೀ" ಅಂದಳು. ಕೊಡುವ ಮೊದಲೇ ಕೈಚಾಚಿ, ಕೊಡದಿದ್ದರೆ ಸ್ಟ್ರೆಚರ್ ತಳ್ಳದೆ ನಿಲ್ಲುವುದು ಟಿಪ್ಸ್ ಅಲ್ಲ, ಲಂಚ. ಇದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಮಾರನೆ ದಿನ ಅದೇ ಆಯಾ ಅವ್ವನ ಹತ್ತಿರ ಕೂತು, ತಾನು ಗುತ್ತಿಗೆ ಮೇಲೆ ಇದ್ದೇನೆ, ಮೂರು ತಿಂಗಳಿಂದ ಪಗಾರ ಬಂದಿಲ್ಲ ಅಂತ ಅತ್ತರು. ಆ ಐನೂರನ್ನು ನಾವು ಕೊಟ್ಟಿದ್ದು ನಿಜವಾಗಿ ಗುತ್ತಿಗೆದಾರ ಕೊಡಬೇಕಿದ್ದ ದುಡ್ಡು ಅಲ್ವಾ?

ಹಾಗಾದರೆ ಟಿಪ್ಸ್ ನಿಲ್ಲಿಸಿಬಿಡೋಣವಾ ಅಂದರೆ, ಬೇಡ. ನೀವು ನಿಲ್ಲಿಸಿದರೆ ಯಾವ ಮಾಲಕನೂ ಪಗಾರ ಏರಿಸುವುದಿಲ್ಲ, ಹುಡುಗನ ಕೈಗೆ ಬರುತ್ತಿದ್ದ ಇಪ್ಪತ್ತು ರೂಪಾಯಿ ಹೋಗುತ್ತದೆ ಅಷ್ಟೇ. ಆದರೆ ಟಿಪ್ಸ್ ಯಾವತ್ತೂ ಪಗಾರದ ಜಾಗ ತುಂಬುವುದಿಲ್ಲ ಅನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಚಿಕ್ಕಪ್ಪನ ಮಗ ಒಂದು ಹೋಟೆಲ್‌ನಲ್ಲಿದ್ದ, ಟಿಪ್ಸ್ ಚೆನ್ನಾಗಿಯೇ ಬರುತ್ತಿತ್ತು. ಒಂದು ದಿನ ಬಿಸಿ ಎಣ್ಣೆ ಬಿದ್ದು ಮೊಣಕೈವರೆಗೆ ಸುಟ್ಟಿತು. ಹತ್ತು ಜನಕ್ಕಿಂತ ಜಾಸ್ತಿ ಕೆಲಸ ಮಾಡುವ ಜಾಗ ಅದು, ಪಗಾರ 21,000ದ ಒಳಗೆ, ಇಎಸ್‌ಐ, ಅಂದರೆ ಕೆಲಸಗಾರರ ಸರ್ಕಾರಿ ಆರೋಗ್ಯ ವಿಮೆ, ಇರಲೇಬೇಕಿತ್ತು. ಪಗಾರದಲ್ಲಿ ಕೆಲಸಗಾರನಿಂದ ಶೇ 0.75, ಮಾಲಕನಿಂದ ಶೇ 3.25, ಅಷ್ಟೇ ಕಟ್ಟಬೇಕಾದದ್ದು. ಮಾಲಕ ಹೆಸರೇ ಸೇರಿಸಿರಲಿಲ್ಲ. ಸೇಡಂ ರಸ್ತೆಯಲ್ಲಿ ಅಷ್ಟು ದೊಡ್ಡ ಇಎಸ್‌ಐ ಆಸ್ಪತ್ರೆ ಇದ್ದೂ ಅವನು ಸಾಲ ಮಾಡಿ ಖಾಸಗಿ ಆಸ್ಪತ್ರೆಯಲ್ಲಿ ತೋರಿಸಿಕೊಂಡ.

ಕೊನೆಯದಾಗಿ ನಿಮ್ಮ ಪ್ರಶ್ನೆಯಲ್ಲೇ ಇದ್ದ ಒಂದು ಸಣ್ಣ ಸಾಲು. ಮನೆಗೆ ಅಡುಗೆಗೆ, ರೊಟ್ಟಿ ಬಡಿಯಲು ಬರುವ ಅಕ್ಕನಿಗೆ ತಿಂಗಳಿಗೆ 2,000 ಕೊಡುತ್ತೇನೆ, ಹಬ್ಬಕ್ಕೆ ಸೀರೆ ಕೊಟ್ಟರೆ ಸಾಕಾ ಅಂತ ಕೇಳಿದ್ದೀರಿ. ದಿನಕ್ಕೆ ಎರಡು ಗಂಟೆ, ರಜೆ ಇಲ್ಲ ಅಂದಿದ್ದೀರಿ. ಅಂದರೆ ತಿಂಗಳಿಗೆ 60 ಗಂಟೆ, ಗಂಟೆಗೆ 33 ರೂಪಾಯಿ. ಬೇಜಾರು ಮಾಡಿಕೊಳ್ಳಬೇಡಿ, ಮೂರು ವರ್ಷದ ಹಿಂದೆ ನಮ್ಮ ಮನೆಯಲ್ಲೂ ಇದೇ ಲೆಕ್ಕ ಇತ್ತು, ಕಾಗದದ ಮೇಲೆ ಬರೆದು ನೋಡಿದಾಗ ನನ್ನ ಹೆಂಡತಿ, ನಾನು ಇಬ್ಬರೂ ಸುಮ್ಮನೆ ಕೂತೆವು. ಹೋಟೆಲ್‌ನಲ್ಲಿ ನಾವು ಗಿರಾಕಿ, ಆದರೆ ಇಲ್ಲಿ ನಾವೇ ಮಾಲಕರು. ಮನೆಗೆಲಸಕ್ಕೂ ನಮ್ಮ ರಾಜ್ಯ 2004ರಲ್ಲೇ ಕನಿಷ್ಠ ವೇತನ ಗೊತ್ತು ಮಾಡಿದೆ. ಸೀರೆ ಕೊಡಿ, ಸಂತೋಷದಿಂದ ಕೊಡಿ, ಆದರೆ ಪಗಾರದ ಬದಲಿಗೆ ಬೇಡ. ನಾವು 3,500ಕ್ಕೆ ಏರಿಸಿದೆವು, ತಿಂಗಳಿಗೆ ನಾಲ್ಕು ದಿನ ರಜೆ, ಜ್ವರ ಬಂದರೆ ದುಡ್ಡು ಮುರಿಯುವುದಿಲ್ಲ, ಪ್ರತಿ ಯುಗಾದಿಗೆ ಕೂತು ಮತ್ತೆ ಮಾತಾಡುತ್ತೇವೆ. ಮೊದಲ ರಜೆ ಕೊಟ್ಟ ವಾರ ಆ ಅಕ್ಕ ಮಗಳನ್ನು ಕರೆದುಕೊಂಡು ಶರಣಬಸವೇಶ್ವರ ಗುಡಿಗೆ ಹೋಗಿ ಬಂದರು. ಮರುದಿನ ಪ್ರಸಾದ ತಂದುಕೊಟ್ಟು, ಅಲ್ಲಿ ಕೆರೆ ದಂಡೆ ಮೇಲೆ ಸಂಜೆತನಕ ಕೂತಿದ್ದೆವು ಅಂದರು.